ಹಳದಿ ಬೂಟಿನವನ ಸಲುವಾಗಿ

ನನ್ನ ಮಗಳಿಗೂ ನನಗೂ ಹನ್ನೆರಡು ವರ್ಷ ಒಂದೇ ಜಗಳವಿತ್ತು. ಟಿ.ವಿ.ಯಲ್ಲಿ ಬರುವ ಪರದೇಶದ ಕುಸ್ತಿಯಲ್ಲಿ ಹಳದಿ ಬೂಟು ಹಾಕಿಕೊಂಡು ಬರುವ ಒಬ್ಬ ಪೈಲ್ವಾನನಿದ್ದಾನೆ. ಅವನ ಹೆಸರು ಲೋಕಕ್ಕೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಮಾತ್ರ ಅವನು ಹಳದಿ ಬೂಟಿನವನು. ಅವನಂಥ ಕುಸ್ತಿಪಟು ಆ ರಿಂಗಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು. ಅವನ ಹೆಸರು ದೊಡ್ಡದು, ಕುಸ್ತಿ ಸಣ್ಣದು ಎಂದು ಅವಳು.

ಬಸವಕಲ್ಯಾಣದಲ್ಲಿ ನಾನು ಹೆಂಗಸರ ಜಂಪರು ಹೊಲಿಯುತ್ತೇನೆ. ಮನೆಯ ಮುಂದಿನ ಖೋಲಿಯೇ ಅಂಗಡಿ. ಮಶೀನಿನ ಎದುರಿನ ಗೋಡೆಗೆ ಟಿ.ವಿ. ಇದೆ. ಹೊಲಿಯುವಾಗ ಅದನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು, ಹಾಗಾಗಿ ಯಾವ ಚಾನೆಲ್ ಇದ್ದರೂ ನಡೆಯುತ್ತಿತ್ತು. ಒಂದು ಐತವಾರ ಮಧ್ಯಾಹ್ನ ಹಾಗೆ ಸುಮ್ಮನೆ ಹಚ್ಚಿಟ್ಟಾಗ ಅವನು ಬಂದ. ಸಾವಿರಾರು ಜನ ಎದ್ದು ನಿಂತು ಕೂಗುತ್ತಿದ್ದರು, ಅವನು ಮಾತ್ರ ತನ್ನ ಮನೆಯ ಅಂಗಳದಲ್ಲಿ ಅಡ್ಡಾಡುವವನ ಹಾಗೆ ನಿಧಾನವಾಗಿ ನಡೆದು ಬಂದ. ನಾನು ಮಶೀನು ನಿಲ್ಲಿಸಿದೆ. ನಾಳೆ ಮದುವೆ, ನಾಡಿದ್ದು ತೊಟ್ಟಿಲು ಎಂದು ಗಿರಾಕಿಗಳು ಬೆನ್ನು ಹತ್ತಿದ ಬದುಕು ನನ್ನದು. ಯಾರಿಗಾಗಿಯೂ ಅವಸರಪಡದ ಒಬ್ಬ ಮನುಷ್ಯನನ್ನು ನೋಡಿ ನನಗೆ ಬಹಳ ಹಿಡಿಸಿತು.

ಮಗಳು ಆಗ ಹತ್ತು ವರ್ಷದವಳು. ಕಾಲ ಬಳಿ ಕುಳಿತು ಜಂಪರಿಗೆ ಹುಕ್ಕು ಹಚ್ಚುತ್ತಿದ್ದವಳು ತಲೆಯೆತ್ತಿ ನೋಡಿ, “ಅವ್ವಾ, ಇಂವ ಏನೂ ಮಾಡವಲ್ಲ ನೋಡು” ಅಂದಳು. ಜಗಳ ಶುರುವಾದದ್ದು ಅಲ್ಲಿಂದ.

ಅದೆಲ್ಲ ಮೊದಲೇ ಯಾರು ಗೆಲ್ಲಬೇಕೆಂದು ಗೊತ್ತುಮಾಡಿಕೊಂಡು ಆಡುವ ಕುಸ್ತಿ ಎಂಬುದು ನಮಗಿಬ್ಬರಿಗೂ ಗೊತ್ತಿತ್ತು. ಹಿಟ್ಟಿನ ಗಿರಣಿಯಿಂದ ಊಟಕ್ಕೆ ಬಂದ ನನ್ನ ಯಜಮಾನರು ಪ್ರತಿ ಸಲ “ಎಲ್ಲಾ ನಾಟಕ” ಅನ್ನುತ್ತಿದ್ದರು. ನಾವು ಅವರಿಗೆ ಉತ್ತರ ಕೊಡುತ್ತಿರಲಿಲ್ಲ. ನಾಟಕವೇ ಆದರೂ ಅದರಲ್ಲಿ ಚೆನ್ನಾಗಿ ಮಾಡುವವರು, ಕೆಟ್ಟದಾಗಿ ಮಾಡುವವರು ಇರುತ್ತಾರಲ್ಲ, ನಮ್ಮ ಜಗಳ ಅದರ ಬಗ್ಗೆ. ಅವನಿಗೆ ಬರುವುದು ನಾಲ್ಕೇ ಪಟ್ಟು ಎಂದು ಮಗಳು ಬೆರಳು ಮಡಚಿ ಎಣಿಸುತ್ತಿದ್ದಳು. ಎದುರಿನವನು ಹಾರಿ, ಉರುಳಿ, ಬಿದ್ದು ಬೆವರು ಸುರಿಸುತ್ತಾನೆ, ಇವನು ದುರುಗುಟ್ಟಿ ನೋಡಿ ಚಪ್ಪಾಳೆ ತಗೊಳ್ಳುತ್ತಾನೆ ಎಂಬುದು ಅವಳ ದೂರು. ನಾಲ್ಕು ಪಟ್ಟಿನಲ್ಲೇ ಊರು ಎದ್ದು ನಿಲ್ಲುವಾಗ ಐದನೆಯದು ಯಾಕೆ ಬೇಕು ಎಂಬುದು ನನ್ನ ಉತ್ತರ.

ಡಿಗ್ರಿಗೆ ಕಲಬುರಗಿಯ ಹಾಸ್ಟೆಲಿಗೆ ಹೋಗುತ್ತೇನೆ ಎಂದು ಅವಳು ಹಟ ಹಿಡಿದಾಗ ನಾನು ಬೇಡವೆಂದೆ. ನಾಲ್ಕು ದಿನ ಒಬ್ಬರಿಗೊಬ್ಬರು ಮಾತಾಡಲಿಲ್ಲ. ಐತವಾರ ಬಂತು. ಅವಳು ಹುಕ್ಕಿನ ಮೇಲಿನ ಕಣ್ಣು ಎತ್ತದೆ, “ಇವತ್ತೂ ಅದ ನಾಕ ಪಟ್ಟು” ಅಂದಳು. ನಾನು ಬಿಡಲಿಲ್ಲ. ಸಂಜೆಯ ಹೊತ್ತಿಗೆ ಇಬ್ಬರೂ ಜೋರು ದನಿಯಲ್ಲಿ ವಾದಿಸುತ್ತ ಒಂದೇ ತಾಟಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದೆವು. ಮರುವಾರ ಅವಳು ಕಲಬುರಗಿಗೆ ಹೋದಳು. ಅಲ್ಲಿಂದಲೂ ಐತವಾರ ಫೋನು ಬರುವುದು ತಪ್ಪಲಿಲ್ಲ.

ಹುಮನಾಬಾದಿನ ಸಂಬಂಧ ಬಂದದ್ದು ಅವಳು ಓದು ಮುಗಿಸಿದ ವರ್ಷ. ಮಾತುಕತೆಗೆ ಬಂದಾಗ ನಮ್ಮ ಬೀಗತಿ, ಅಂದರೆ ಹುಡುಗನ ತಾಯಿ, ಹೆಚ್ಚು ಮಾತಾಡಲಿಲ್ಲ. ಸಪೂರ ಹೆಂಗಸು, ತುಂಬಾ ವರ್ಷದ ಹಿಂದೆಯೇ ಗಂಡನನ್ನು ಕಳೆದುಕೊಂಡವರು. ಚಹಾ ಕುಡಿದು, ಬಟ್ಟಲನ್ನು ತಾವೇ ಒಳಗೆ ತಂದಿಟ್ಟರು. ಬಾಯಿಲ್ಲದ ಅತ್ತೆ ಸಿಕ್ಕಿದಳು, ನನ್ನ ಮಗಳಿಗೆ ಯಾವ ತಾಪತ್ರಯವೂ ಇಲ್ಲ ಎಂದು ನಾನು ಸಮಾಧಾನಪಟ್ಟೆ. ಹುಮನಾಬಾದು ಬಸ್ಸಿನಲ್ಲಿ ಒಂದು ತಾಸು ಸಹ ಆಗುವುದಿಲ್ಲ. ಮಗಳು ದೂರ ಹೋದಳೆಂದು ಯಾರ ಮುಂದೆಯೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಮೊದಲ ತಿಂಗಳು ಎಲ್ಲ ಸರಿಯಿತ್ತು. ಐತವಾರ ಮಧ್ಯಾಹ್ನ ಅವಳು ಅಲ್ಲಿ ನೋಡುವುದು, ನಾನು ಇಲ್ಲಿ ನೋಡುವುದು, ಫೋನಿನಲ್ಲಿ ಬಡಿದಾಡುವುದು. ಆಮೇಲೆ ಮಾತು ಗಿಡ್ಡವಾಗತೊಡಗಿತು. ಒಂದು ವಾರ ನಾನೇ ಫೋನು ಮಾಡಿದೆ. “ಅವ್ವಾ, ಅತ್ತಿ ಜೋಡಿ ನೋಡಾಕತ್ತೀನಿ, ಆಮ್ಯಾಲ ಮಾಡ್ತೀನಿ” ಅಂದಳು. ಹಿಂದೆ ಯಾರೋ ಏನೋ ಹೇಳಿದರು, ಅವಳು ನಕ್ಕಳು, ಫೋನು ಕಟ್ಟಾಯಿತು. ಅವಳು ಆಮೇಲೆ ಮಾಡಿದ್ದು ಸೋಮವಾರ ಬೆಳಿಗ್ಗೆ, ಅದೂ ಕುಕ್ಕರಿನ ರಬ್ಬರು ಎಲ್ಲಿ ಸಿಗುತ್ತದೆಂದು ಕೇಳಲಿಕ್ಕೆ.

ಅತ್ತೆಯ ಜೊತೆ ನೋಡುತ್ತಾಳಂತೆ. ಆ ಬಾಯಿಲ್ಲದ ಹೆಂಗಸಿಗೆ ಕುಸ್ತಿಯಲ್ಲಿ ಏನು ತಿಳಿಯುತ್ತದೆ? ಮಗಳು ಮರ್ಯಾದೆಗೆಂದು ಜೊತೆ ಕೂಡಿಸಿಕೊಳ್ಳುತ್ತಿರಬೇಕು ಎಂದುಕೊಂಡೆ. ಆದರೆ ಆ ನಗು ನನಗೆ ಗೊತ್ತಿತ್ತು. ಒಳ್ಳೆಯ ಮಾತು ಬಿದ್ದಾಗ ಮಾತ್ರ ಅವಳಿಂದ ಅಂಥ ನಗು ಹೊರಡುತ್ತಿತ್ತು.

ಮುಂದಿನ ಐತವಾರ ಶೇಂಗಾ ಹೋಳಿಗೆ ಕಟ್ಟಿಕೊಂಡು, ಹೇಳದೆಯೇ ಹುಮನಾಬಾದಿಗೆ ಹೋದೆ. ಅಳಿಯಂದಿರು ಪಾಳಿಯ ಕೆಲಸಕ್ಕೆ ಹೋಗಿದ್ದರು. ನಡುಮನೆಯಲ್ಲಿ ಟಿ.ವಿ. ನಡೆದಿತ್ತು. ಬೀಗತಿ ಕಾಟಿನ ಮೇಲೆ ಕುಳಿತಿದ್ದರು, ನನ್ನ ಮಗಳು ಕೆಳಗೆ ಅವರ ಮೊಣಕಾಲಿಗೆ ಒರಗಿದ್ದಳು. ಅವರು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ನಮ್ಮ ಅಂಗಡಿಯಲ್ಲಿ ಕುಸ್ತಿ ನೋಡುವಾಗ ನನ್ನ ಕೈ ಎಂದೂ ಖಾಲಿ ಇರುತ್ತಿರಲಿಲ್ಲ. ನಾನು ಬಂದದ್ದು ನೋಡಿ ಇಬ್ಬರೂ ಎದ್ದರು. ಮಗಳು ನೀರು ತರಲು ತಿರುಗಿದಾಗ ಅವಳ ಬೆನ್ನು ಕಂಡಿತು. ಜಂಪರು ನಾನು ಹೊಲಿದದ್ದಲ್ಲ. ಕೊರಳಿನ ಪಟ್ಟಿ, ಬೆನ್ನಿನ ಹೊಲಿಗೆ ಎರಡೂ ಬೇರೆ ಕೈಯವು. ಅತ್ತೆ ಬಟ್ಟೆ ತಂದು ಇಲ್ಲಿಯೇ ಹೊಲಿಸಿದರು ಎಂದು ಅವಳು ಹೇಳಿದಾಗ, ಛಲೋ ಆಗ್ಯಾದ ಅಂದೆ. ಅಸ್ತರು ಜಗ್ಗಿದ್ದು ನನಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಹಳದಿ ಬೂಟಿನವನ ಹಳೆಯ ಕುಸ್ತಿಯೊಂದನ್ನು ಅವತ್ತು ಮತ್ತೆ ತೋರಿಸುತ್ತಿದ್ದರು. ನಾನು ಎಂದಿನ ಹಾಗೆ ಮಗಳ ಬಾಯಿಂದ ನಾಲ್ಕು ಪಟ್ಟಿನ ಮಾತು ಬರಲೆಂದು ಕಾದೆ. ಅವಳು ನನ್ನ ಕಡೆ ತಿರುಗಿ, “ಅವ್ವಾ, ನೀ ಹೇಳಿದ್ದು ಖರೇ ಅದ. ಅಂವ ದೊಡ್ಡಾವನ ಇದ್ದಾನ” ಅಂದಳು.

ಹನ್ನೆರಡು ವರ್ಷದಿಂದ ಕೇಳಬೇಕೆಂದಿದ್ದ ಮಾತು ಅದು. ಇಷ್ಟು ದಿನ ನಾನು ಹೇಳಿದರೂ ಕೇಳದವಳಿಗೆ ಈಗ ಹೇಗೆ ಗೊತ್ತಾಯಿತು ಎಂದು ಕೇಳಿದೆ. “ಅತ್ತಿ ತೋರಿಸಿದ್ರು” ಅಂದಳು. ಆಮೇಲೆ ಬೀಗತಿಯ ಕಡೆ ನೋಡಿ, “ಅವ್ವಗೂ ತೋರಸ್ರಿ” ಅಂತ ಹಟ ಮಾಡಿದಳು.

ಅವರು ಸಂಕೋಚಪಡುತ್ತಲೇ ಎದ್ದರು. ಕಾಟಿನ ಮೇಲೆ ಒರಗಲು ಇಟ್ಟಿದ್ದ ಉದ್ದನೆಯ ಲೋಡನ್ನು ಹೆಗಲಿನವರೆಗೆ ಎತ್ತಿದರು. ಆ ಸಪೂರ ದೇಹದಲ್ಲಿ ಸೊಂಟ ಹೇಗೆ ತಿರುಗಿತೋ, ಲೋಡು ಚಾಪೆಯ ಮೇಲೆ ಬಿತ್ತು. ಕಾಲಿನಿಂದ ನೆಲಕ್ಕೆ ಒದ್ದದ್ದರಿಂದ ದಪ್ಪೆಂದು ಸದ್ದಾಯಿತು. ಅವರ ಒಂದು ಕೈ ಲೋಡಿನ ತಲೆಯ ಕೆಳಗೇ ಇತ್ತು.

“ಬೀಳೋನ ಕುತಗಿ ಎತ್ತಿದವನ ಕೈಯಾಗ ಇರ್ತದರಿ ಅಕ್ಕಾರ” ಅಂದರು. “ಇಂವ ಒಗದಂಗ ಕಾಣ್ತದ. ಒಗ್ಯಾಂಗಿಲ್ಲ, ಇಡ್ತಾನ.”

ಅವನು ನಿಧಾನ ಯಾಕೆ ಎಂಬುದನ್ನೂ ಹೇಳಿದರು. ಬಿದ್ದವನಿಗೆ ಉಸಿರು ತಿರುಗಲಿ ಎಂದು ಕಾಯುತ್ತಾನಂತೆ. ಇಷ್ಟೆಲ್ಲ ಅವರಿಗೆ ಹೇಗೆ ಗೊತ್ತೆಂದರೆ, ಅವರ ತವರು ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರು. ಅವರ ತಂದೆ ಆ ಊರಿನಲ್ಲಿ ಹುಡುಗರಿಗೆ ಕುಸ್ತಿ ಕಲಿಸುವ ಉಸ್ತಾದರು. ಮನೆಗೆ ಹೊಂದಿಕೊಂಡೇ ತಾಲೀಮಿನ ಗರಡಿ, ಒಳಗೆ ಎಣ್ಣೆ, ಮಜ್ಜಿಗೆ ಸುರಿದು ಹದ ಮಾಡಿದ ಕೆಂಪು ಮಣ್ಣು. ಹೆಣ್ಣುಮಕ್ಕಳು ಒಳಗೆ ಕಾಲಿಡುವಂತಿರಲಿಲ್ಲ. ಇವರು ಗೋಡೆಯ ಹಿಂದೆ ನಿಂತು, ಇಟ್ಟಿಗೆ ಬಿದ್ದ ಕಿಂಡಿಯಿಂದ ನೋಡುತ್ತಿದ್ದರಂತೆ. ಮಗಳು ಆ ಕಥೆಯನ್ನು ಅರ್ಧಕ್ಕೆ ತಾನೇ ಕಸಿದುಕೊಂಡು ಹೇಳಿದಳು. ಬಹಳ ಸಲ ಕೇಳಿದ್ದಾಳೆ ಎಂಬುದು ತಿಳಿಯುತ್ತಿತ್ತು.

ನನ್ನ ಪೈಲ್ವಾನನನ್ನು ಹೊಗಳಿದ್ದಕ್ಕೆ ನಾನು ಖುಷಿಪಡಬೇಕಿತ್ತು. ನಾನು ಮೆಚ್ಚಿದ್ದು ಅವನ ನಡಿಗೆ. ಅವನ ಕೈಯನ್ನು ಹನ್ನೆರಡು ವರ್ಷದಲ್ಲಿ ಒಂದು ಸಲವೂ ನೋಡಿರಲಿಲ್ಲ. ಇವರು ಎರಡೇ ತಿಂಗಳಲ್ಲಿ ನನ್ನ ಮಗಳನ್ನೂ ಗೆದ್ದರು, ಅವನನ್ನೂ ತೆಗೆದುಕೊಂಡರು.

“ಏನ್ ದೊಡ್ಡಾವ? ನಿಧಾನ ನಡದ್ರ ದೊಡ್ಡಾವ ಆಗ್ತಾನೇನು?” ಅಂದೆ.

ಮಗಳು ತಮಾಷೆಯೆಂದು ನಕ್ಕಳು. ನಾನು ನಗಲಿಲ್ಲ. ಇತ್ತೀಚೆಗೆ ನನಗೂ ಹಾಗೆ ಅನಿಸತೊಡಗಿದೆ, ಎಲ್ಲ ಹೆಸರಿನ ಮೇಲೆ ನಡೆಯುತ್ತದೆ, ಕೆಲಸ ಏನೂ ಇಲ್ಲ ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟೆ.

ಆಮೇಲೆ ಮೂರು ವಾರ ನಾನು ಮಾಡಿದ ಕೆಲಸ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮೊಬೈಲನ್ನು ಮಶೀನಿಗೆ ಒರಗಿಸಿಟ್ಟು, ಅವನ ಹಳೆಯ ಕುಸ್ತಿಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಪ್ರೀತಿಯಿಂದ ನೋಡಿದ್ದವನ್ನೇ ಈಗ ತಪ್ಪು ಹುಡುಕಲು ನೋಡಿದೆ. ಹುಡುಕಿದರೆ ಸಿಗದೆ ಇರುತ್ತದೆಯೇ? ಜನ ಹಾಡಿ ಹೊಗಳುವ ಒಂದು ಕುಸ್ತಿಯಲ್ಲಿ ಅವನು ಎದುರಿನವನ ಕತ್ತನ್ನು ತೋಳಿನಲ್ಲಿ ಹಿಡಿದುಕೊಂಡು ಸುಮ್ಮನೆ ದಣಿವಾರಿಸಿಕೊಂಡಿದ್ದ. ಇನ್ನೊಂದರಲ್ಲಿ ಅವನ ಏಟು ತಾಗುವ ಮೊದಲೇ ಎದುರಿನವನು ಬಿದ್ದುಬಿಟ್ಟಿದ್ದ. ವಯಸ್ಸಾದ ಮೇಲಿನ ಕುಸ್ತಿಗಳಲ್ಲಂತೂ ಓಡುವುದು, ಹಾರುವುದು, ಬೀಳುವುದು ಎಲ್ಲ ಎದುರಿನವನದೇ. ಮಗಳು ಹತ್ತು ವರ್ಷದವಳಿದ್ದಾಗ ಹೇಳಿದ್ದು ಸರಿಯೇ ಇತ್ತು. ಎಲ್ಲವನ್ನೂ ಅಳತೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ.

ಆ ಗಡಿಬಿಡಿಯಲ್ಲಿ ಒಬ್ಬ ಟೀಚರಮ್ಮನ ರೇಷ್ಮೆ ಜಂಪರಿಗೆ ಎಡತೋಳು ಬಲಕ್ಕೆ, ಬಲತೋಳು ಎಡಕ್ಕೆ ಹಚ್ಚಿದೆ. ಬಿಚ್ಚಿ ಮತ್ತೆ ಹೊಲಿದರೂ ಸೂಜಿಯ ತೂತುಗಳು ಉಳಿದವು. ಅವರು ಏನೂ ಅನ್ನದೆ ತೆಗೆದುಕೊಂಡು ಹೋದರು. ಯಜಮಾನರು ಮಾತ್ರ ಊಟಕ್ಕೆ ಬಂದಾಗ ನಿಂತು ನೋಡಿ, “ಅಂವ ನಿನಗೇನ್ ಮಾಡ್ಯಾನ?” ಎಂದು ಕೇಳಿದರು. ಅವರು ಕುಸ್ತಿಯ ಬಗ್ಗೆ ಪ್ರಶ್ನೆ ಕೇಳಿದ್ದು ಅದೇ ಮೊದಲು. ನಾನು ಅವರಿಗೆ ಊಟ ಬಡಿಸಲು ಎದ್ದೆ.

ಪಂಚಮಿಗೆ ಮಗಳು ತವರಿಗೆ ಬಂದಳು. ಅವಳನ್ನು ಬಿಟ್ಟು ಹೋಗಲು ಬೀಗತಿ ತಾವೇ ಜೊತೆಗೆ ಬಂದಿದ್ದರು. ಹಬ್ಬದ ಮುಂಚಿನ ದಿನವಾದ್ದರಿಂದ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಕುಳಿತಿದ್ದರು. ಚಹಾ ಆಯಿತು. ಟಿ.ವಿ.ಯಲ್ಲಿ ಏನೂ ಇರಲಿಲ್ಲ, ಆದರೂ ನಾನೇ ಮಾತು ತೆಗೆದೆ. ಅಳತೆಯ ಪುಸ್ತಕ ಬಿಚ್ಚಿಕೊಂಡು, ಅವನ ತಪ್ಪುಗಳನ್ನು ಒಂದೊಂದಾಗಿ ಓದಿ ಹೇಳಿದೆ. ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಮಗಳ ಮುಖದಲ್ಲಿ ಮೊದಲು ಇದ್ದ ನಗು ನಿಧಾನಕ್ಕೆ ಇಳಿಯಿತು.

ಬೀಗತಿ ಎಲ್ಲ ಕೇಳಿದರು. ನಾನು ಹೇಳಿದ್ದರಲ್ಲಿ ಕೆಲವನ್ನು ಒಪ್ಪಿಕೊಂಡರು ಕೂಡ. ಕತ್ತು ಹಿಡಿದು ದಣಿವಾರಿಸಿಕೊಂಡದ್ದು ನಿಜ, ತಮಗೂ ಕಂಡಿದೆ ಅಂದರು. ಆದರೆ ಏಟು ತಾಗುವ ಮೊದಲೇ ಬಿದ್ದದ್ದು ಎದುರಿನವನ ತಪ್ಪು, ಅವನು ಗಾಬರಿಯಾಗಿ ಮುಂಚೆಯೇ ಕಾಲು ಸಡಿಲ ಬಿಟ್ಟ, ಹಳದಿ ಬೂಟಿನವನು ಅದನ್ನು ಮುಚ್ಚಲು ತಾನೂ ಅವನ ಮೇಲೆ ಬಿದ್ದ, ಬೇಕಾದರೆ ಮತ್ತೊಮ್ಮೆ ನೋಡಿರಿ ಎಂದರು. ಅದನ್ನು ಅವರು ಎಷ್ಟು ಮೆತ್ತಗೆ ಹೇಳಿದರೆಂದರೆ, ಗಿರಾಕಿಗಳಲ್ಲಿ ಒಬ್ಬಳು ಹೌದೆಂದು ತಲೆಯಾಡಿಸಿದಳು. ನನ್ನ ಅಂಗಡಿಯಲ್ಲಿ, ನನ್ನ ಗಿರಾಕಿ.

“ತಾಲೀಮಿನ ಗ್ವಾಡಿ ಹಿಂದ ನಿಂತು ನೋಡಿದವ್ರಿಗೆ ಏನ್ ತಿಳಿತದರಿ?” ಅಂದೆ.

ಅವರು ಬಟ್ಟಲನ್ನು ನೆಲದ ಮೇಲಿಟ್ಟರು.

“ತಿಳ್ಯಾಂಗಿಲ್ಲ ಬಿಡ್ರಿ” ಅಂದರು. “ಒಳಗ ಬಿಟ್ಟಿದ್ರ ತಿಳಿತಿತ್ತು.”

ಹುಮನಾಬಾದಿನ ಬಸ್ಸು ತಪ್ಪುತ್ತದೆ ಎಂದು ಎದ್ದರು. ಮಗಳು ಬಸ್ ನಿಲ್ದಾಣದವರೆಗೆ ಜೊತೆಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಹಬ್ಬವೆಲ್ಲ ಸರಿಯಾಗಿಯೇ ಆಯಿತು. ಮರುದಿನ ಬೆಳಿಗ್ಗೆ ಅವಳು ಬಂದು ಕಾಲ ಬಳಿ ಕುಳಿತು, ಮಡಚಿಟ್ಟ ಜಂಪರೊಂದನ್ನು ತೆಗೆದುಕೊಂಡು ಹುಕ್ಕು ಹಚ್ಚತೊಡಗಿದಳು. ಮೂರು ಹುಕ್ಕು ಆದ ಮೇಲೆ ಮಾತಾಡಿದಳು.

“ಅವ್ವಾ, ಅಂವ ಛಲೋ ಇದ್ದಾನೋ ಕೆಟ್ಟ ಇದ್ದಾನೋ ನನಗ ಆವಾಗ ಏನೂ ಗೊತ್ತಿದ್ದಿಲ್ಲ. ಮಶೀನ ಮ್ಯಾಲ ಕುಂತ್ರ ನೀ ಮಾತ ಆಡ್ತಿದ್ದಿಲ್ಲ. ಅಂವಗ ಬೈದ್ರ ಆಡ್ತಿದ್ದಿ. ಅದಕ್ಕ ಬೈತಿದ್ದೆ.”

ನನಗೆ ಮಶೀನು ತುಳಿಯಲಾಗಲಿಲ್ಲ. ಹತ್ತು ವರ್ಷದ ಮಗು ತಾಯಿಯ ಬಾಯಿ ಬಿಡಿಸಲು ಕಂಡುಕೊಂಡ ಉಪಾಯವನ್ನು ನಾನು ವಾದವೆಂದು ನಂಬಿ, ಅಷ್ಟು ವರ್ಷ ಗೆಲ್ಲಲು ನೋಡುತ್ತಿದ್ದೆ. ಅತ್ತೆಗೆ ಎಂಥ ಮಾತು ಅಂದೆಯೆಂದು ಅವಳು ಆಮೇಲೆ ಕೇಳಿದಳು. ಆ ಕಿಂಡಿಯ ಕಥೆಯನ್ನು ಅವರು ತಮ್ಮ ಮಗನಿಗೂ ಹೇಳಿರಲಿಲ್ಲವಂತೆ. ಅದನ್ನು ನನ್ನ ಮುಂದೆ ಹೇಳಿಸಿದವಳು ತಾನೇ ಎಂದು ಅವಳಿಗೆ ದುಃಖವಾಗಿತ್ತು. ಇಷ್ಟು ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಅಂಥ ಹೊತ್ತಿನಲ್ಲೂ, ಅವರ ಸಲುವಾಗಿ ಅಳುತ್ತಿದ್ದಾಳಲ್ಲ ಎಂದು ನನಗೆ ಅನಿಸಿತು. ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಅವಳು ಹದಿನೈದು ದಿನ ಇದ್ದು ಹೋದಳು. ಅವಳು ಹೋದ ಮೇಲಿನ ವಾರ, ಅವಳು ಅಲ್ಲಿ ಹೊಸದಾಗಿ ಹಿಡಿದಿದ್ದ ಕೆಲಸಕ್ಕೆ ಹೋಗಿರುವ ದಿನ ನೋಡಿಕೊಂಡು ನಾನು ಹುಮನಾಬಾದಿಗೆ ಹೋದೆ. ಅಳತೆ ಇಲ್ಲದೆ ಕಣ್ಣಂದಾಜಿನಲ್ಲಿ ಬೀಗತಿಗೆ ಎರಡು ಜಂಪರು ಹೊಲಿದು ಒಯ್ದಿದ್ದೆ. ಅವರು ಅದನ್ನು ತೆಗೆದುಕೊಂಡು ಕಾಟಿನ ಮೇಲಿಟ್ಟರು, ಬಿಚ್ಚಿ ನೋಡಲಿಲ್ಲ. ಚಹಾ ಕೊಟ್ಟರು. ಮಳೆ, ತೊಗರಿ, ಬಸ್ಸಿನ ಗದ್ದಲ ಎಂದು ನಾನು ಏನೇನೋ ಮಾತಾಡಿದೆ. ಅವರು ಹೌದ್ರಿ, ಹೌದ್ರಿ ಅನ್ನುತ್ತಿದ್ದರು.

“ಅವತ್ತ ನಾ ಹಂಗ ಅನಬಾರದಿತ್ತರಿ” ಅಂದೆ ಕೊನೆಗೆ.

“ಅಂದದ್ದು ಸುಳ್ಳೇನಲ್ಲರಿ ಅಕ್ಕಾರ.”

ಅಷ್ಟು ಹೇಳಿ ಅವರು ಚಹಾದ ಬಟ್ಟಲು ಎತ್ತಿಕೊಂಡರು. ಕ್ಷಮಿಸಿದರೋ ಇಲ್ಲವೋ ತಿಳಿಯಲಿಲ್ಲ. ಎದ್ದು ಹೊರಡಬೇಕು, ಆದರೆ ಹಾಗೆ ಹೊರಟರೆ ಇನ್ನು ಈ ಮನೆಯ ಹೊಸ್ತಿಲು ತುಳಿಯುವುದು ಕಷ್ಟ ಎಂದು ಗೊತ್ತಿತ್ತು. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ. ನನಗೂ ಬೀಳುವುದನ್ನು ತೋರಿಸಿರಿ ಅಂದೆ.

ಅವರು ನನ್ನ ಮುಖ ನೋಡಿದರು. ಚೇಷ್ಟೆ ಮಾಡುತ್ತಿದ್ದೇನೆಯೋ ಎಂದು ನೋಡಿದರೆಂದು ಕಾಣುತ್ತದೆ. ಆಮೇಲೆ ಎದ್ದು ಬಾಗಿಲಿನ ಚಿಲಕ ಹಾಕಿದರು. ಒಳಗಿನಿಂದ ಎರಡು ಗಾದಿ ಎಳೆದು ತಂದು ಒಂದರ ಮೇಲೊಂದು ಹಾಸಿದರು. ನನ್ನ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದರು, ಚಶ್ಮಾ ತೆಗೆಸಿದರು. ಗಾದಿಗೆ ಬೆನ್ನು ಮಾಡಿ ನಿಲ್ಲಿಸಿ, ಮೊದಲು ಕುಕ್ಕರಗಾಲಿನಲ್ಲಿ ಕೂಡಿಸಿದರು.

“ಗದ್ದ ಎದಿಗೆ ಹಚ್ಚರಿ. ಬೆನ್ನ ಗುಂಡಗ ಮಾಡ್ರಿ. ಅಂಗೈ ಎರಡೂ ಮೊದ್ಲ ಬಡೀಬೇಕು. ನಾ ಹಿಡ್ದೀನಿ, ಬೀಳ್ರಿ.”

ನಾನು ಬೀಳಲಿಲ್ಲ. ಕೈ ತಾನಾಗಿಯೇ ಹಿಂದೆ ಹೋಗಿ ನೆಲ ಹುಡುಕಿತು. ಐವತ್ತೆರಡು ವರ್ಷ ಬೀಳದ ಹಾಗೆ ನೋಡಿಕೊಂಡು ಬಂದ ಮೈ ಅದು. ಮೂರನೆಯ ಸಲಕ್ಕೆ ಕಣ್ಣು ಮುಚ್ಚಿ ಬಿಟ್ಟುಕೊಟ್ಟೆ. ನನ್ನ ಕತ್ತಿನ ಕೆಳಗೆ ಅವರ ಅಂಗೈ ಇತ್ತು. ಗಾದಿಯ ಮೇಲೆ ಮಲಗಿ ಮಾಳಿಗೆಯ ತೊಲೆ ನೋಡುತ್ತಿದ್ದೆ, ಉಸಿರು ತಿರುಗಲಿಲ್ಲ. ಅವರು ಎಬ್ಬಿಸುವ ಅವಸರ ಮಾಡದೆ ಕಾದರು. ಟಿ.ವಿ.ಯಲ್ಲಿ ನಾನು ಗತ್ತು ಎಂದುಕೊಂಡದ್ದು, ಮಗಳು ಸೋಮಾರಿತನ ಎಂದದ್ದು ಇದೇ ಹೊತ್ತು. ಬಿದ್ದವರ ಕಡೆಯಿಂದ ಅದು ಬೇರೆ ಥರ ಇತ್ತು.

ಇನ್ನೂ ನಾಲ್ಕು ಸಲ ಬಿದ್ದೆ. ಒಮ್ಮೆ ಅಂಗೈ ಸರಿಯಾಗಿ ಬಡಿದು ಮನೆಯೆಲ್ಲ ಸದ್ದಾದಾಗ ಅವರು ನಕ್ಕರು. ಅವರು ಇದನ್ನೆಲ್ಲ ಮೈಗೆ ಹಚ್ಚಿಕೊಂಡದ್ದು ಮೇವಿನ ಖೋಲಿಯಲ್ಲಿ, ಒಬ್ಬರೇ. ತಂದೆ ಹೊಲಕ್ಕೆ ಹೋದಾಗ ಜೋಳದ ಒಣ ಕಣಿಕೆಯ ಮೇಲೆ ಬಿದ್ದು ಬಿದ್ದು ಕಲಿತರಂತೆ. ಒಮ್ಮೆ ಮೊಣಕೈ ಮುರಿದಾಗ ಎಮ್ಮೆ ತಳ್ಳಿತು ಎಂದು ಸುಳ್ಳು ಹೇಳಿದ್ದರು. ಇದು ಯಾರಿಗೂ ಗೊತ್ತಿಲ್ಲ, “ನಿಮ್ಮ ಮಗಳಿಗಷ್ಟ ಹೇಳೀನಿ” ಅಂದರು. ಅಲ್ಲಿಗೆ ಬಂದು ಮತ್ತೆ ಸೂಜಿ ಚುಚ್ಚಿದ ಹಾಗಾಯಿತು. ನನ್ನ ಮಗಳು ಅದನ್ನೂ ನನಗೆ ಹೇಳಿರಲಿಲ್ಲ.

ಸಂಜೆ ಮಗಳು ಕೆಲಸದಿಂದ ಬಂದಾಗ ನಾವಿಬ್ಬರೂ ಗಾದಿ ಮಡಚಿಟ್ಟು ಕುಳಿತಿದ್ದೆವು. ನನ್ನ ಕೂದಲು ಬಿಚ್ಚಿತ್ತು, ಹೆಗಲು ನೋಯುತ್ತಿತ್ತು. ಏನಾಯಿತೆಂದು ಕೇಳಿದಳು. ಅವಳ ಅತ್ತೆ ಹೇಳಿದಾಗ ಅವಳಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಹಾಗಾದರೆ ಈಗ ಹಳದಿ ಬೂಟಿನವನು ದೊಡ್ಡವನೋ ಅಲ್ಲವೋ ಎಂದು ನನ್ನನ್ನು ಕೇಳಿದಳು. ಕೈ ಒಳ್ಳೆಯದು, ಆದರೆ ವಯಸ್ಸಾದ ಮೇಲೆ ಎದುರಿನವರ ಹೆಗಲ ಮೇಲೆ ನಡೆಯುತ್ತಿದ್ದಾನೆ, ಪುಸ್ತಕದಲ್ಲಿ ಬರೆದದ್ದರಲ್ಲಿ ಅರ್ಧ ನಿಜ ಅಂದೆ. ಯಾವ ಅರ್ಧ ಎಂದು ಬೀಗತಿ ಕೇಳಿದರು. ಅಲ್ಲಿಂದ ಶುರುವಾದದ್ದು ಒಂದು ತಾಸು ನಡೆಯಿತು. ಮಧ್ಯೆ ಅತ್ತೆ ಸೊಸೆ ಯಾವುದೋ ಹಳೆಯ ಮಾತು ನೆನೆದು ಒಟ್ಟಿಗೆ ನಕ್ಕರು. ಏನೆಂದು ನನಗೆ ತಿಳಿಯಲಿಲ್ಲ, ನಾನು ಕೇಳಲೂ ಇಲ್ಲ.

ಹೊರಡುವಾಗ ಬೀಗತಿ ಬಾಗಿಲವರೆಗೆ ಬಂದರು. “ಬರೋ ಐತವಾರ ಬರ್ರಿ, ಕೂಡೇ ನೋಡೂಣು” ಅಂದರು. ಹಬ್ಬದ ಹೊಲಿಗೆ ಬಹಳ ಇದೆ, ಬರಲಾಗುವುದಿಲ್ಲ ಎಂದೆ. ಹೊಲಿಗೆ ಏನೂ ಇರಲಿಲ್ಲ. ಆ ಐತವಾರ ಅಂಗಡಿಯಲ್ಲಿ ಒಬ್ಬಳೇ ಕುಳಿತು ಅರ್ಧ ಕುಸ್ತಿ ನೋಡಿ ಟಿ.ವಿ. ಬಂದ್ ಮಾಡಿದೆ. ಅದರ ಮುಂದಿನ ವಾರ ಹತ್ತು ಗಂಟೆಯ ಬಸ್ಸಿಗೆ ಹೋದೆ.